ಡೇರೆಯ ಹಿಂದೆ ಕೇಳಿದ ಗಂಟೆ

ಎದುರು ಮನೆಯ ಮಾಳಿಗೆಯ ಮೇಲೆ ಯಾರೋ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ವಿಜಯಪುರದ ಅಥಣಿ ರಸ್ತೆಯ ಈ ಹೊಸ ಬಡಾವಣೆಯಲ್ಲಿ ಅಂಥ ಸದ್ದು ಅಪರೂಪ. ಮಳೆಯೆಂದು ತಿಳಿದು ಒಣಹಾಕಿದ ಬಟ್ಟೆ ತೆಗೆಯಲು ಹೊರಗೆ ಓಡಿದೆ. ಅಂಗಳದ ತುಂಬ ಬಿಸಿಲು. ಒಳಗೆ ಟಿವಿಯಲ್ಲಿ ಸಿನಿಮಾ ಪ್ರಶಸ್ತಿಯ ಸಮಾರಂಭ ನಡೆದಿತ್ತು. ಧ್ವನಿಗ್ರಹಣದ ಪ್ರಶಸ್ತಿ ಯಾರಿಗೆಂದು ಹೇಳುವಷ್ಟರಲ್ಲಿ ಜಾಹೀರಾತು ಬಂತು. ಆ ಪ್ರಶಸ್ತಿಗೆ ಯಾರೂ ಕಾಯುವುದಿಲ್ಲ, ನಿಮಗೂ ಗೊತ್ತು. ಆದರೆ ಬಬಲೇಶ್ವರದ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಹತ್ತು ಜನ ಉಸಿರು ಹಿಡಿದು ಕಾಯುತ್ತಿದ್ದದ್ದು ಅದಕ್ಕೇ.

ಆ ಮನೆ ಈಗಿಲ್ಲ. ಅಲ್ಲಿ ಗೊಬ್ಬರದ ಅಂಗಡಿಯಾಗಿದೆ. ನಾನು ಹುಟ್ಟುವ ಮೊದಲೊಮ್ಮೆ ಶ್ರೇಷ್ಠ ನಟ ಯಾರಾಗುತ್ತಾನೆ ಎಂಬುದಕ್ಕೆ ಅಪ್ಪನಿಗೂ ಅವನ ತಮ್ಮ ಕಾಕಾನಿಗೂ ಜಗಳವಾಗಿ, ಹಿತ್ತಾಳೆಯ ತಂಬಿಗೆ ಹಾರಿ ಗೋಡೆಯ ಗಿಲಾವು ಉದುರಿತ್ತಂತೆ. ಅಂದು ಮುತ್ಯಾ, ಅಂದರೆ ನಮ್ಮ ಅಜ್ಜ, ಒಂದು ಕಟ್ಟಳೆ ಮಾಡಿದ. “ಹೀರೋ ಹೀರೋಯಿನ್ ಸುದ್ದಿ ನಮ್ಮ ಮನ್ಯಾಗ ಬ್ಯಾಡ. ಹಿಂದ ನಿಂತು ದುಡದವರು ಯಾರು ಗೆಲ್ತಾರ, ಅಷ್ಟ ಹೇಳ್ರಿ.” ಹಾಗಾಗಿ ನಮ್ಮಲ್ಲಿ ಪೈಪೋಟಿಯೆಲ್ಲ ಸಂಕಲನ, ಪ್ರಸಾಧನ, ವಸ್ತ್ರವಿನ್ಯಾಸ, ಧ್ವನಿಗ್ರಹಣಕ್ಕೆ. ಪ್ರಶಸ್ತಿ ಕೊಡುವುದು ಎಷ್ಟು ತಡವೆಂದರೆ, ಅಷ್ಟರಲ್ಲಿ ಆ ಸಿನಿಮಾಗಳ ಸವೆದ ಪ್ರಿಂಟು ನಮ್ಮೂರ ಡೇರೆ ಟಾಕೀಸಿಗೂ ಬಂದು ಹೋಗಿರುತ್ತಿದ್ದವು. ಒಬ್ಬೊಬ್ಬರು ಒಂದೊಂದು ಚೀಟಿ ಬರೆದು ಬಿಸ್ಕಿಟ್ ಡಬ್ಬಿಗೆ ಹಾಕಬೇಕು. ಟೇಲರ್ ಆಗಿದ್ದ ಕಾಕಾ ತನ್ನ ಕಪ್ಪು ದಾರದಿಂದ ಡಬ್ಬಿಯನ್ನು ಬಿಗಿದು ಕಟ್ಟುತ್ತಿದ್ದ. ಸಮಾರಂಭದ ದಿನ ಬಿಚ್ಚಿ, ಗೆದ್ದವರಿಗೆ ಅಂದಿನ ಹಾಲಿನ ಕೆನೆಯೆಲ್ಲ ಒಂದೇ ಬಟ್ಟಲಲ್ಲಿ. ಶ್ರೇಷ್ಠ ನಟನ ಹೆಸರು ಬರುವ ಹೊತ್ತಿಗೆ ನಾವೆಲ್ಲ ಎದ್ದು ರೊಟ್ಟಿಗೆ ಕೂತಿರುತ್ತಿದ್ದೆವು.

ಧ್ವನಿಗ್ರಹಣ ಮಾತ್ರ ನೀಲವ್ವ ಅತ್ತಿಯದು. ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು. ಬಂದ ಮೇಲೆ ಡೇರೆಯೊಳಗೆ ಕಾಲಿಡಲಿಲ್ಲ. ಯಾರೂ ಹೋಗಬೇಡ ಅನ್ನಲಿಲ್ಲ ಎಂದು ಮನೆಯವರು ಹೇಳುತ್ತಿದ್ದರು. ಬಾ ಎಂದೂ ಯಾರೂ ಅನ್ನಲಿಲ್ಲ ಎಂಬುದು ನನ್ನ ಅನುಮಾನ. ಡೇರೆ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಸಂಜೆಯ ಮೊದಲ ಆಟಕ್ಕೆ ಅತ್ತಿ ಮೊರ ಹಿಡಿದು ಹಿತ್ತಲಲ್ಲಿ ಕೂತರೆ, ವಾರವಿಡೀ ಅದೇ ಸಿನಿಮಾ ಕೇಳುತ್ತಿದ್ದಳು. ಒಮ್ಮೆ ಕೈ ತಡೆದು, “ಇದು ಖರೇ ಮಳಿ ಅಲ್ಲ ಬಿಡು. ಮೊರದಾಗ ಕಾಳ ಹಾಕಿ ಆಡಸ್ಯಾರ” ಅಂದಿದ್ದಳು. ಹಾಗೆ ಹೇಳಲು ಅವಳಿಗಿಂತ ಯೋಗ್ಯರು ಯಾರಿದ್ದರು?

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅವಳ ಚೀಟಿ ಬರೆಯುವವನು ನಾನು. ಆ ವರ್ಷ ಅವಳು ಒಂದು ಸಾಧಾರಣ ಸಿನಿಮಾದ ಹೆಸರು ಹೇಳಿದಳು. “ಬರಿ ಮಲ್ಲು. ಹುಡುಗಿ ಮನಿ ಬಿಟ್ಟು ಹೊಂಟಾಗ ಬಂಡಿ ಗಂಟಿ ಕೇಳಸ್ತಾವಲ್ಲ, ಮೊದಲ ಸಣ್ಣಗ, ಆಮ್ಯಾಲೆ ಕಿವಿ ಹತ್ರ, ಮತ್ತ ದೂರ. ಅಂಥಾದ್ದು ಯಾರೂ ಮಾಡಿಲ್ಲ.” ನಾನು ಡೇರೆಯೊಳಗೆ ಕೂತು ನೋಡಿದ್ದೆ. ಆ ಹುಡುಗಿ ಹೋಗುವುದು ಬಸ್ಸಿನಲ್ಲಿ. ಗಂಟೆ ನಮ್ಮೂರ ಬಂಡಿಯ ಸಿದ್ದಪ್ಪನ ಎತ್ತುಗಳವು. ಉಳ್ಳಾಗಡ್ಡಿ ಕಿತ್ತ ಆ ವಾರ ದಿನಾ ಸಂಜೆ ಈರುಳ್ಳಿ ಹೇರಿದ ಅವನ ಬಂಡಿ ಡೇರೆಯ ಹಿಂದಿನಿಂದ ವಿಜಯಪುರದ ಕಡೆ ಹೋಗುತ್ತಿತ್ತು. ಆದರೂ ಅವಳು ಹೇಳಿದ ಹೆಸರನ್ನೇ ಬರೆದುಕೊಟ್ಟೆ.

ಪ್ರಶಸ್ತಿ ಅದಕ್ಕೇ ಬಂತು. ಮನೆಯೆಲ್ಲ ಕೇಕೆ ಹಾಕಿತು. ಮುತ್ಯಾ ತಾನೇ ಕೆನೆಯ ಬಟ್ಟಲು ತಂದು ಅತ್ತಿಯ ಮುಂದಿಟ್ಟ. ಆಗ ನಾನು, ಎಲ್ಲ ಬಲ್ಲ ಹತ್ತು ವರ್ಷದ ಶಾಣ್ಯಾ, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ: “ಪಿಚ್ಚರ್‌ದಾಗ ಗಂಟೀನ ಇಲ್ಲ. ಅವು ಸಿದ್ದಪ್ಪನ ಎತ್ತು. ಅತ್ತಿಗೆ ಏನೂ ತಿಳಿಯಂಗಿಲ್ಲ!” ಅತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಭುಜ ನಡುಗುತ್ತಿದ್ದವು. ನಾನು ಅಲ್ಲಿಂದ ಓಡಿದೆ. ಜೂನ್‌ನಲ್ಲಿ ನನ್ನನ್ನು ಊರು ಬಿಡಿಸಿ ವಿಜಯಪುರದ ಶಾಲೆಗೆ ಹಾಕಿದರು. ಅತ್ತಿ ಮತ್ತೆಂದೂ ಚೀಟಿ ಬರೆಸಲಿಲ್ಲ, ನನ್ನಿಂದಾಗಿ ಅವಳಿಗಿದ್ದ ಒಂದೇ ಸುಖ ನಿಂತುಹೋಯಿತು ಎಂದು ನಂಬಿಕೊಂಡೇ ದೊಡ್ಡವನಾದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಎರಡು ಸಾಕ್ಷಿ ಇಲ್ಲದ್ದನ್ನು ನಂಬಬಾರದು ಎಂದು ಕಲಿತೆ. ಊರವರ ನೆನಪು, ಶಾಸನ, ಎಲ್ಲವನ್ನೂ ಅನುಮಾನಿಸಿದೆ. ಇದೊಂದನ್ನು ಮಾತ್ರ ಅನುಮಾನಿಸಲಿಲ್ಲ. ಅತ್ತಿ ಇರುವತನಕ ಕೇಳುವ ಧೈರ್ಯ ಬರಲಿಲ್ಲ. ಅವಳು ಹೋಗಿ ಆರು ವರ್ಷವಾಯಿತು.

ಮಳೆಯಲ್ಲದ ಆ ಮಳೆ ಕೇಳಿದ ಮರುದಿನ ತಿಕೋಟಾದ ಬಸ್ಸು ಹತ್ತಿದೆ. ಕಾಕಾನ ಮಗಳು ಶಶಿಯನ್ನು ಕೊಟ್ಟದ್ದು ಅಲ್ಲಿ. ಒಣಗುತ್ತಿದ್ದ ದ್ರಾಕ್ಷಿಯ ಸಿಹಿ ವಾಸನೆಯ ನಡುವೆ ಕೂತು ಎಲ್ಲ ಹೇಳಿಕೊಂಡೆ. ಅವಳು ಚಹಾದ ಕಪ್ಪು ಕೆಳಗಿಟ್ಟಳು.

“ಲೇ ಮಲ್ಲ್ಯಾ, ಹುಚ್ಚ ಅದೀಯೇನು? ಅತ್ತಿ ಅಳಲಿಲ್ಲೋ, ನಗಾಕತ್ತಿದ್ಲು! ನೀ ಓಡಿ ಹೋದ ಮ್ಯಾಲೆ ಮುತ್ಯಾ, ‘ಏನಾತು ಬೇ?’ ಅಂದ. ‘ಯಪ್ಪಾ, ಪ್ರಶಸ್ತಿ ಸಿದ್ದಪ್ಪನ ಎತ್ತಿಗೆ ಬಂದೈತಿ, ಆ ಕೆನಿ ಅದಕ್ಕ ಕುಡಸ್ರಿ’ ಅಂದ್ಲು. ಮರುದಿನ ಬಂಡಿ ನಿಂದರಿಸಿ ಎತ್ತಿಗೆ ಬೆಲ್ಲ ತಿನಿಸಿದ್ಲು.”

“ಅದಕ್ಕ ಸಾಕ್ಷಿ ಏನೈತಿ?” ಅಂದೆ.

“ಸಾಕ್ಷಿ ಬೇಕಂತ ಸಾಕ್ಷಿ! ಕೋರ್ಟಿಗೆ ಬಂದೀಯೇನು?” ಬೈಯುತ್ತಲೇ ಒಳಗೆ ಹೋಗಿ ಬಿಸ್ಕಿಟ್ ಡಬ್ಬಿ ತಂದಳು. ಕಪ್ಪು ದಾರ ಇನ್ನೂ ಅದಕ್ಕೆ ಸುತ್ತಿಕೊಂಡಿತ್ತು. ಒಳಗೆ ನಾನು ಊರು ಬಿಟ್ಟ ನಂತರದ ಚೀಟಿಗಳು. ಶಶಿಯ ದುಂಡು ಅಕ್ಷರದಲ್ಲಿ ಮೂರು ವರ್ಷ, ‘ನೀಲವ್ವ, ಧ್ವನಿಗ್ರಹಣ’. ಒಂದೊಂದಕ್ಕೂ ಕಾಕಾನ ಗುಂಡುಸೂಜಿಯಿಂದ ಚುಚ್ಚಿದ, ಅರ್ಧ ಹರಿದ ಡೇರೆಯ ಟಿಕೀಟು.

“ಇವು ಯಾರವು?”

“ಅತ್ತಿವು. ‘ಹೊರಗ ಕುಂತು ತಪ್ಪ ಹೇಳಬಾರ್ದು, ನಡಿ ಶಶಿ’ ಅಂತ ನನ್ನ ಕೈ ಹಿಡಕೊಂಡು ಒಳಗ ಬಂದ್ಲು. ಪಿಚ್ಚರ್ ಕಡೀತನಕ ಕೈ ಬಿಡಲಿಲ್ಲ. ಚೀಟಿ ಒಂದೂ ಗೆಲ್ಲಲಿಲ್ಲ ಮತ್ತ! ‘ಒಳಗ ಕುಂತ್ರ ಕಣ್ಣ ಅಡ್ಡ ಬರ್ತಾವ’ ಅಂತಿದ್ಲು.”

ಟಿಕೀಟುಗಳನ್ನು ಎರಡು ಸಲ ತಿರುಗಿಸಿ ನೋಡಿದೆ. ಬಣ್ಣ ಹೋಗಿ ತಿಳಿಗುಲಾಬಿಯಾಗಿದ್ದವು. ಭುಜ ನಡುಗಿದ್ದು ನಿಜ, ಸೆರಗು ನಿಜ, ಗೋಡೆ ನಿಜ. ಅಳು ಮಾತ್ರ ನಾನು ಸೇರಿಸಿದ್ದು. ಇಷ್ಟು ವರ್ಷ ನನ್ನ ಎದೆಯ ಮೇಲೆ ಕೂತಿದ್ದದ್ದು ಅತ್ತಿಯ ನಗು. ಅಲ್ಲೇ, ಶಶಿಯ ಮುಂದೆ, ನನಗೂ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು. “ನೋಡು, ಈಗ ನೀ ಅಳಾಕತ್ತೀಯೋ, ನಗಾಕತ್ತೀಯೋ ಹೇಳು. ಮುಂದ ಯಾರರ ತಪ್ಪ ತಿಳಕೊಂಡಾರು” ಅಂದಳು ಶಶಿ.

ಒಂದು ಟಿಕೀಟು ಕೇಳಿ ತಂದುಕೊಂಡೆ. ಡೇರೆ, ಹಿತ್ತಲು, ಮುತ್ಯಾ, ಅತ್ತಿ, ಆ ಎತ್ತುಗಳು, ಯಾವುದೂ ಉಳಿದಿಲ್ಲ. ಇಂದು ಸಂಜೆ ಇದನ್ನು ಬರೆಯುತ್ತ ಕೂತಾಗ ಮಾಳಿಗೆಯ ಕಡೆಯಿಂದ ಮತ್ತೆ ಅದೇ ಸದ್ದು. ಜೋಳವೋ, ಈ ಸಲ ನಿಜಕ್ಕೂ ಮಳೆಯೋ ತಿಳಿಯಲಿಲ್ಲ. ಬಟ್ಟೆ ಹೊರಗೇ ಇವೆ. ಎದ್ದು ಹೋಗಿ ನೋಡಬೇಕೆನಿಸಲಿಲ್ಲ. ಸುಮ್ಮನೆ ಕೂತು ಕೇಳಿದೆ.