ನೆರಳಿನ ಏಳು ಕುರ್ಚಿಗಳು

ಅಮೆರಿಕದ ಟೂಸಾನ್‌ನಲ್ಲಿ ಶಾಲಾ ಬಸ್ಸುಗಳನ್ನು ರಿಪೇರಿ ಮಾಡುವ ವೆಂಡೆಲ್‌ಗೆ ಏನಿದ್ದರೂ ದೊಡ್ಡದೇ ಆಗಬೇಕು. ಆ ಬೇಸಿಗೆ ರಜೆಗೆ ತಾಯಿ ಅರ್ಲೀನ್ ಮೊದಲೆಲ್ಲ ಉಳಿಯುತ್ತಿದ್ದ ಹಳೆಯ ಮೋಟೆಲನ್ನೇ ಕೇಳಿದ್ದಳು.

"ಅಲ್ಲಿ ಒಂದೇ ಕೊಳ ಕಣೋ. ಬಾಗಿಲಲ್ಲಿ ಕೂತ್ರೆ ಎಲ್ಲರ ತಲೆನೂ ಕಾಣ್ಸುತ್ತೆ."

"ತಲೆ ಎಣಿಸೋಕೆ ರಜೆ ಯಾಕಮ್ಮ?" ಎಂದು ನಕ್ಕು, ಅವನು ಮರುಭೂಮಿಯ ನಡುವಿನ ಐದು ಈಜುಕೊಳಗಳ ರೆಸಾರ್ಟನ್ನು ಆರಿಸಿದ.

ಅಲ್ಲಿ ಬೆಳಕು ಹರಿಯುವ ಮೊದಲೇ ಟವೆಲ್ ಹಾಸಿ ಹಿಡಿದಿಡದಿದ್ದರೆ ನೆರಳಿನ ಕುರ್ಚಿ ಸಿಗದು. ಆ ಕೆಲಸವನ್ನು ಅರ್ಲೀನ್ ತಾನೇ ಮೈಮೇಲೆ ಹಾಕಿಕೊಂಡಳು. ದಿನವೂ ಕೋಣೆಯ ಹತ್ತಿರದ ಕೊಳದ ಬಳಿ ಮನೆಯ ಏಳು ಜನಕ್ಕೂ ಟವೆಲ್ ಹಾಸಿ, "ನಮ್ಮೋರು ಬರ್ತಿದಾರೆ" ಎಂದು ಕಂಡವರನ್ನೆಲ್ಲ ಓಡಿಸುತ್ತ ಕೂತಳು. ಆ ನಮ್ಮೋರೋ, ಜಾರುಬಂಡೆಗೊಬ್ಬ, ಅಲೆಯ ಕೊಳಕ್ಕೊಬ್ಬಳು, ದಿಕ್ಕಿಗೊಬ್ಬರು. ಹುಡುಕಲು ಎದ್ದರೆ ಕುರ್ಚಿಗಳು ಕೈತಪ್ಪುತ್ತವೆ. ಬಿಯರ್ ಸಿಗುವ ಕೊಳ ಬಿಟ್ಟು ಕದಲದ ವೆಂಡೆಲ್, ಅಮ್ಮ ಮೊಮ್ಮಕ್ಕಳ ಜೊತೆ ಇದ್ದಾಳೆ ಎಂದುಕೊಂಡ. ಮೊಮ್ಮಕ್ಕಳು, ಅಜ್ಜಿ ಅಪ್ಪನ ಜೊತೆ ಎಂದುಕೊಂಡರು.

ಹೊರಡುವ ಬೆಳಿಗ್ಗೆ ಅವನು ಕರೆಯಲು ಬಂದಾಗ ಅವಳು ಟವೆಲ್ ಮಡಿಸುತ್ತಿದ್ದಳು.

"ಇಷ್ಟೊಂದು ಯಾರಿಗಮ್ಮ?"

"ನಿಮಗೇ ಕಣೋ. ದಿನಾ ಹಿಡಿದಿಟ್ಟಿದ್ದೆ. ಒಂದು ಕುರ್ಚಿನೂ ಬಿಟ್ಕೊಡ್ಲಿಲ್ಲ."

ಆ ಚಳಿಗಾಲದಲ್ಲಿ ಅರ್ಲೀನ್ ತೀರಿಕೊಂಡಳು. ಈಗ ಪ್ರತಿ ಬೇಸಿಗೆ ವೆಂಡೆಲ್ ಎಲ್ಲರನ್ನೂ ಒಂದೇ ಕೊಳದ ಆ ಮೋಟೆಲಿಗೇ ಕರೆದೊಯ್ಯುತ್ತಾನೆ. ಬಾಗಿಲಲ್ಲಿ ಕೂತು ತಲೆ ಎಣಿಸುತ್ತಾನೆ. ಎಷ್ಟು ಸಲ ಎಣಿಸಿದರೂ ಒಂದು ಕಡಿಮೆ ಬೀಳುತ್ತದೆ.