ಅಕ್ಕೋರ ಖಾನೆ

ಅಕ್ಕ ತೀರಿಕೊಂಡ ಮೇಲೆ ಸವಣೂರಿನ ಅವಳ ಕಂಪ್ಯೂಟರ್ ಕ್ಲಾಸಿಗೆ ಹೊಸ ಮಾಸ್ತರರು ಬಂದರು. ಅವಳು ಬರೆದ ಹಾಜರಿ ಪ್ರೋಗ್ರಾಮನ್ನೇ ಇಟ್ಟುಕೊಂಡು ಪಾಠ ಮಾಡುತ್ತಾರೆಂದು ಕೇಳಿದ್ದೆ. ಆ ಪ್ರೋಗ್ರಾಮಿನ ಮೊದಲ ಖಾನೆ ಅಕ್ಕನದು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಹಾಜರಿ ಅಕ್ಕೋರಿಂದಲೇ ಶುರುವಾಗುವುದು ಅವಳ ಕ್ಲಾಸಿನ ರೂಢಿ. ಈಗ ಅಲ್ಲಿ ಮಾಸ್ತರರು ತಮ್ಮ ಹೆಸರು ಹಾಕಿಕೊಂಡಿರಬೇಕು ಅನ್ನಿಸಿತು. ಅದನ್ನು ನೋಡಲೆಂದೇ ಬಂಕಾಪುರದಿಂದ ಬಸ್ಸಿಗೆ ಬಂದು ಕ್ಲಾಸಿಗೆ ಸೇರಿಕೊಂಡೆ.

ಮಾಸ್ತರರು ಮೇಜಿನ ಮೇಲೆ ಎಲೆಅಡಿಕೆ ಡಬ್ಬಿ ತೆರೆದಿಟ್ಟರು. ಇದೂ ಅಕ್ಕನ ಪಾಠವೇ. ಕದ್ದದ್ದು ಅಂದುಕೊಂಡೆ.

"ಪ್ರೋಗ್ರಾಮಿನ್ಯಾಗ ಸಾಲಾಗಿ ಖಾನೆ ಇರ್ತಾವಲ್ಲ, ಆ 'ಅರೇ' ಅಂದ್ರ ಇದ. ಖಾನೆ ಎಷ್ಟದಾವೋ ಅಷ್ಟ, ಆಮ್ಯಾಲ ಹೆಚ್ಚ ಮಾಡಾಕ ಬರೂದಿಲ್ಲ. ಹೊಸಾ ಡಬ್ಬಿ ತಂದಾಗ ಎಲ್ಲಾ ಖಾಲಿ. ಸುಣ್ಣ ಇಲ್ಲದ ಖಾನೆಗೆ ಬೆರಳ ಹಾಕಿದ್ರ ಏನಾಕ್ಕೈತಿ?"

"ಬಾಯಿ ಸುಡೂದಿಲ್ಲರಿ ಸರ್," ಅಂದಳು ಮುಂದಿನ ಬೆಂಚಿನ ಹುಡುಗಿ. ಎಲ್ಲರೂ ನಕ್ಕರು.

"ನಿನ್ನ ಬಾಯಿ ಉಳೀತೈತಿ ತಾಯಿ, ಪ್ರೋಗ್ರಾಮ್ ಸಾಯ್ತೈತಿ."

ಹಾಗೆಂದವರು ನನ್ನ ಕಡೆ ನೋಡಿ ತಟ್ಟನೆ ತಲೆ ತಗ್ಗಿಸಿದರು. ನಾನು ಯಾರೆಂದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಾರೆಂದರೆ ಏನೋ ಇದೆ.

ಆಮೇಲೆ ಕಸದ ಪಾಠ. ಖಾನೆಯಲ್ಲಿ ತುಂಬಿಡುವ ಒಬ್ಬೊಬ್ಬರ ವಿವರಕ್ಕೆ ಆಬ್ಜೆಕ್ಟ್ ಅನ್ನುತ್ತಾರೆ; ಪ್ರೋಗ್ರಾಮಿನಲ್ಲಿ ಯಾವುದೂ ಹಿಡಿದುಕೊಂಡಿರದ ಆಬ್ಜೆಕ್ಟನ್ನು ಮಷೀನೇ ಗುಡಿಸಿ ಒಯ್ಯುತ್ತದಂತೆ. ಯಾವಾಗ ಅಂತ ಹೇಳಲು ಬರುವುದಿಲ್ಲವಂತೆ.

"ಮೊದಲನೇ ಖಾನೆದ್ದು ಒಯ್ದೈತೇನ್ರಿ?" ಕೇಳಿಯೇಬಿಟ್ಟೆ.

ಹುಡುಗಿಯರು ಹೋದ ಮೇಲೆ ಮಾಸ್ತರರು ಪ್ರೋಗ್ರಾಮ್ ತೆರೆದು ತೋರಿಸಿದರು. ಅಕ್ಕನ ಸಾಲು ಅಳಿಸಿತ್ತು. ಅವರ ಹೆಸರೂ ಇರಲಿಲ್ಲ. ಖಾನೆ ಖಾಲಿ, ಹಾಜರಿ ಎರಡನೆಯದರಿಂದ ಶುರುವಾಗುತ್ತಿತ್ತು.

"ಯಾಕ ಅಳಿಸಿದ್ರಿ?"

"ದಿನಾ ಮೊದಲ ಅವರ ಹೆಸರ ಬರ್ತಿತ್ತ್ರಿ. ಹುಡುಗ್ಯಾರು ಅಳಾಕತ್ತಿದ್ರು."

ನಾನು ನಂಬಲಿಲ್ಲ. ಕುರ್ಚಿ ಎಳೆದುಕೊಂಡು, ಅವರು ಕಲಿಸಿದಂತೆಯೇ, ಆ ಖಾನೆಗೆ ಹೊಸ ಆಬ್ಜೆಕ್ಟ್ ಬರೆದು ಪ್ರೋಗ್ರಾಮ್ ಓಡಿಸಿದೆ. ಹೆಸರಿನ ಜಾಗದಲ್ಲಿ ನಲ್ ಎಂದು ಬಂತು, ಅಂದರೆ ಏನೂ ಇಲ್ಲ. ವಯಸ್ಸು ಸೊನ್ನೆ.

"ಆಬ್ಜೆಕ್ಟ್ ಹುಟ್ಟೈತ್ರಿ. ಒಳಗಿಂದು ನೀವ ತುಂಬಬೇಕು," ಅಂದರು.

ಹೆಸರು ತುಂಬಿದೆ. ವಯಸ್ಸಿಗೆ ಬಂದಾಗ ಬೆರಳು ನಿಂತಿತು. ಹೋದಾಗ ಇದ್ದದ್ದು ಹಾಕಬೇಕೋ, ಇದ್ದಿದ್ದರೆ ಈಗ ಆಗುತ್ತಿದ್ದದ್ದು ಹಾಕಬೇಕೋ? ಮಾಸ್ತರರನ್ನೇ ಕೇಳಿದೆ. ಅವರು ಎಲೆಅಡಿಕೆ ಡಬ್ಬಿಯ ಮುಚ್ಚಳ ಹಾಕಿದರು.

ಬರೆದ ಸಾಲನ್ನು ನಾನೇ ಅಳಿಸಿದೆ.

"ಖಾಲಿನ ಇರ್ಲಿ ಬಿಡ್ರಿ. ಆದ್ರ ಅಲ್ಲಿ ಯಾರನ್ನೂ ಕುಂದ್ರಸಬ್ಯಾಡ್ರಿ. ನಾ ದಿನಾ ಬಂದ ನೋಡ್ತೇನಿ."