ಅಮರಮ್ಮನ ಮೊಳ

ಮಸ್ಕಿಯಲ್ಲಿ ಗೌಂಡಿ ಗಾಳೆಪ್ಪನವರು ಕಟ್ಟಿದ ಮನೆಗಳು ಇಪ್ಪತ್ತಕ್ಕೂ ಹೆಚ್ಚು. ಅವರ ಕೆಲಸಕ್ಕೆ ಹೆಸರಿಡುವ ಗಂಡು ಆ ಕಡೆ ಇರಲಿಲ್ಲ. ಅವರ ಬಗ್ಗೆ ಬರೆಯಬೇಕೆಂದರೆ ನಮ್ಮ ತಾತ ದೊಡ್ಡಬಸಪ್ಪನವರ ಮಾನ ಸ್ವಲ್ಪ ಕಳೆಯಬೇಕಾಗುತ್ತದೆ. ಕಳೆಯುತ್ತೇನೆ, ಅದಕ್ಕೆ ನನಗೇನೂ ಬೇಸರವಿಲ್ಲ.

೧೯೫೪ರಲ್ಲಿ ಊರಿಗೆ ಬಾಲವಾಡಿ ಮಂಜೂರಾಯಿತು. ಜಾಗ ಕೊಟ್ಟವರು ಊರ ಗೌಡರಾದ ತಾತ, ಕಟ್ಟುವ ಕೆಲಸ ಗಾಳೆಪ್ಪನವರದು. ಪಾಠ ಹೇಳಲು ಸಿಂಧನೂರಿನಿಂದ ಕಲ್ಯಾಣಮ್ಮ ಟೀಚರ್ ಬಂದರು. ಐದು ವರ್ಷದ ಮಗಳು ಅಮರಮ್ಮನನ್ನು ಅಲ್ಲಿಗೆ ಕಳಿಸಬೇಕೆಂಬುದು ಗಾಳೆಪ್ಪನವರ ಆಸೆ. ಟೀಚರ್ ಅವಳ ಹೆಸರನ್ನೂ ಬರೆದುಕೊಂಡರು. ಆದರೆ ಊರ ಹಿರಿಯರು, ಅಂದರೆ ನಮ್ಮ ತಾತ, ಗಾಳೆಪ್ಪನವರ ಕೇರಿಯ ಮಕ್ಕಳು ಒಳಗೆ ಬೇಡ, ಹೊರಗಿನ ಕಟ್ಟೆಯ ಮೇಲೆ ಕೂತು ಕಲಿಯಲಿ ಎಂದುಬಿಟ್ಟರು. ಅಪ್ಪನ ಕೈಲಿ ಗೋಡೆ ಕಟ್ಟಿಸಿ ಮಗಳನ್ನು ಅದರ ಹೊರಗೆ ಕೂರಿಸುವುದು! ಈಗ ಬರೆಯುವಾಗಲೂ ಸಿಟ್ಟು ಬರುತ್ತದೆ. ಗಾಳೆಪ್ಪನವರು ಮಾತ್ರ ಕರಣೆ ಹಿಡಿದರು.

ನಮ್ಮಲ್ಲಿ ಮನೆ ಕಟ್ಟುವಾಗ ಯಜಮಾನನ ಮೊಳವನ್ನು, ಅಂದರೆ ಮೊಳಕೈಯಿಂದ ಬೆರಳ ತುದಿಯವರೆಗೆ, ಅಳೆದು ಅಷ್ಟುದ್ದಕ್ಕೆ ಒಂದು ಕೋಲು ಕಡಿಯುತ್ತಿದ್ದರು. ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲ ಆ ಕೋಲಿನ ಅಳತೆಯಲ್ಲೇ. ಯಾರ ಮೊಳವೋ ಅವರೇ ಮೊದಲು ಬಲಗಾಲಿಟ್ಟು ಒಳಗೆ ಹೋಗಬೇಕು. ತಪ್ಪಿದರೆ ಮನೆ ಏಳಿಗೆಯಾಗುವುದಿಲ್ಲ. ಹೊಸ ಮನೆ ಹೊಗುವ ದಿನ ತಾತನ ತಮ್ಮ ಚಳಿಜ್ವರದಲ್ಲಿ ಮಲಗಿದ್ದಾಗ ಅವರನ್ನು ಹೊರಸಿನ ಮೇಲೆ ಹೊತ್ತು ತಂದು ಕಾಲು ಇಡಿಸಿದ್ದರಂತೆ.

ಪಾಯ ಹಾಕುವ ದಿನ ತಾತ ಲಿಂಗಸುಗೂರಿನ ಬಸ್ಸಿಗೆ ಹೊರಟು ನಿಂತಿದ್ದರು.

"ಗೌಡ್ರ, ಯಾರ ಮೊಳ ಹಿಡೀಲ್ರಿ?" ಎಂದರು ಗಾಳೆಪ್ಪ.

"ಸಾಲಿ ಹುಡುಗೂರದು, ನನ್ನದ್ಯಾಕಲೇ? ಯಾವುದಾರ ಕೂಸಿಂದು ಹಿಡಿ. ಅಲ್ಲೇ ನಿನ್ನ ಮಗಳು ಅದಾಳಲ್ಲ, ಅಕಿದ ಹಿಡಿ. ಬಸ್ಸು ಹೊಂಟೈತಿ!"

ಗಾಳೆಪ್ಪನವರು ಆ ಹೊತ್ತನ್ನೇ ಬೇಕೆಂದು ಆರಿಸಿಕೊಂಡಿದ್ದರು ಎಂದು ನನ್ನ ಗುಮಾನಿ. ಮಂಡಾಳು, ಅಂದರೆ ಮಂಡಕ್ಕಿ, ಮಾರುವ ಪೀರ್‌ಬೀ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು.

ಕಟ್ಟಡವೆಲ್ಲ ಅಮರಮ್ಮನ ಪುಟ್ಟ ಮೊಳದಲ್ಲಿ ಎದ್ದಿತು. ಎರಡು ಮೊಳದ ಎತ್ತರಕ್ಕೆ ಕಿಟಕಿ. ಕೂಸು ನಿಂತರೆ ದಾರಿಯ ಎತ್ತು, ಎಮ್ಮೆ ಕಾಣಬೇಕು. ಯಾರ ಕೈಯನ್ನೂ ಹಿಡಿಯದೆ ಹತ್ತಲು ಅರ್ಧ ಮೊಳದ ಮೆಟ್ಟಿಲು. ಗೋಡೆಯಲ್ಲಿ ಒಬ್ಬೊಬ್ಬರೇ ಹುದುಗಿ ಕೂರುವಂಥ ಗೂಡುಗಳು. ಮಕ್ಕಳು ಮರಳ ಗುಡ್ಡೆಯಿಂದ ಜಾರಿ ಮರಳೆಲ್ಲ ಚೆಲ್ಲುವುದನ್ನು ನೋಡಿ, ಬೈಯುವ ಬದಲು ಒಳಗೊಂದು ನುಣ್ಣನೆಯ ಜಾರುಬಂಡೆ ಹಾಕಿದರು. ಬಾಗಿಲು ಆ ಪುಟ್ಟ ಮೊಳದಲ್ಲಿ ಆರೇ ಮೊಳ. ರುಮಾಲು ಸುತ್ತಿದ ತಾತ ಇಣುಕಲು ಹೋಗಿ ಹಣೆ ಚಚ್ಚಿಕೊಂಡರು.

ಬಾಲವಾಡಿ ಶುರುವಾಗುವ ದಿನ ತಾತ ನಾಲ್ಕು ವರ್ಷದ ನನ್ನನ್ನು ಎತ್ತಿಕೊಂಡು ಬಾಗಿಲಿಗೆ ನಡೆದರು.

"ಗೌಡ್ರ, ಮೊಳದ ಯಜಮಾನ್ರು ಮೊದಲ ಹೋಗಬೇಕಲ್ರಿ?" ಎಂದರು ಗಾಳೆಪ್ಪ.

"ಹೌದಲೇ. ಯಾರದು ಮೊಳ?" ತಾತ ಮರೆತೇಬಿಟ್ಟಿದ್ದರು.

"ನಮ್ಮ ಅಮರಿದ್ರಿ."

ತಾತನ ಮುಖ ಕೆಂಪಾಯಿತು. "ಯಾವನಲೇ ಹೇಳಿದಾಂವ?"

"ನೀವ ಹೇಳೀರಲ್ರಿ," ಎಂದು ಪೀರ್‌ಬೀ ಬಾಯಿ ಹಾಕಿದಳು. "ಬಸ್ಸಿಗೆ ಓಡೋ ಮುಂದ. ನಾನ ಕೇಳೀನಿ."

ನೆರೆದವರು ಮುಸಿಮುಸಿ ನಕ್ಕರು. ತಾತ ಒಮ್ಮೆ ಬಾಗಿಲು ನೋಡಿದರು, ಒಮ್ಮೆ ನನ್ನನ್ನು. ಹಟ ಬಿಡುವುದು ಅವರಿಗೆ ಕಷ್ಟ. ಏಳಿಗೆಯಿಲ್ಲದ ಮನೆಯಲ್ಲಿ ಮೊಮ್ಮಗನನ್ನು ಕೂರಿಸುವುದು ಇನ್ನೂ ಕಷ್ಟ.

"ಹೋಗವ್ವಾ," ಎಂದರು ಕೊನೆಗೆ. "ಬಲಗಾಲು ಇಡು."

ಅಮರಮ್ಮ ಬಲಗಾಲಿಟ್ಟಳು, ನೇರ ಜಾರುಬಂಡೆ ಹತ್ತಿ ಕೇಕೆ ಹಾಕುತ್ತ ಜಾರಿದಳು. ನಾನು ತಾತನ ತೋಳಿನಿಂದ ಕೊಸರಿಕೊಂಡು ಅವಳ ಹಿಂದೆಯೇ ಓಡಿದೆ. ಗಳಿಗೆಯೊಳಗೆ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದೆವು. ಹೊರಗಿನ ಕಟ್ಟೆಯ ಮೇಲೆ ಕೂರಲು ಯಾರೂ ಉಳಿಯಲಿಲ್ಲ.

ಗಾಳೆಪ್ಪನವರು ಮಾತ್ರ ಅಂಗಳದಲ್ಲೇ ನಿಂತಿದ್ದರು. ಟೀಚರ್ ಕರೆದರು.

"ಬ್ಯಾಡ್ರಿ ಅಕ್ಕೋರ. ಸುಣ್ಣ ಬಳದ ಮ್ಯಾಲ ನಾ ಯಾವ ಮನಿ ಒಳಗೂ ಹೋಗಿಲ್ರಿ."

ಕಿಟಕಿಯಲ್ಲಿ ಅಮರಮ್ಮನ ಮುಖ ಕಾಣಿಸಿತು. "ಯಪ್ಪಾ, ಇದು ನನ್ನ ಮನಿ ಅಲ್ಲೇನು? ಒಳಗ ಬಾ."

ಗಾಳೆಪ್ಪನವರು ಕಾಲು ಒರೆಸಿಕೊಂಡು, ತಲೆ ಬಗ್ಗಿಸಿ, ಮಗಳ ಮನೆಯೊಳಗೆ ಹೋದರು.